ಕರಟ, ಇದ್ದಿಲು, ತಿಳಿನೀರು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇದ್ದಿಲಿನ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಸಹಪಾಠಿಗಳು ನಕ್ಕಾರು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವಳಿಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆ ಎಂದು ಅಧ್ಯಾಪಕರೊಬ್ಬರು ಆಗಲೇ ಕೇಳಿಯೂ ಆಯಿತು. ಸಂಪಾದಕ ಮಂಡಲಿಯವರು ನನ್ನಿಂದ ಕವಿತೆಯೊಂದನ್ನು ನಿರೀಕ್ಷಿಸಿದ್ದರು. ಕವಿತೆ ನನಗೆ ಬಾರದು. ಇದ್ದಿಲಾದರೆ ಚಿಕ್ಕಂದಿನಿಂದ ಗೊತ್ತು. ಮೂರು ವರ್ಷ ನಾನು ಕಟ್ಟಿದ ಶುಲ್ಕ, ಬಸ್ಸಿನ ಪಾಸು, ಪುಸ್ತಕಗಳು, ಎಲ್ಲವೂ ತೆಂಗಿನ ಕರಟ ಸುಟ್ಟು ಬಂದವು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲೇರಿದವಳು ನಾನೇ ಮೊದಲು. ಆದುದರಿಂದ ಈ ಲೇಖನವನ್ನು ಒಂದು ಬಗೆಯ ಸಾಲ ತೀರಿಸುವುದೆಂದು ತಿಳಿದರೂ ಅಡ್ಡಿಯಿಲ್ಲ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಈ ಸೀಮೆಯ ಉಂಡೆ ಕೊಬ್ಬರಿಯ ಹೆಸರು ಕೇಳದವರಿಲ್ಲ. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿದರೆ ಅವು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ, ಅಲ್ಲಿಯೇ ಕುಳಿತಿರುತ್ತವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಕೆಳಗಿಳಿಸಿ, ಸಿಪ್ಪೆ ಸುಲಿದು, ಕರಟ ಒಡೆದು, ಗಿಟುಕನ್ನು ಇಡಿಯಾಗಿ ಬಿಡಿಸುತ್ತಾರೆ. ಈ ಬಿಡಿಸುವ ಕೂಲಿಗೆ ನಮ್ಮವ್ವ ಹೋಗುತ್ತಾರೆ. ಗಿಟುಕು ಮಾರುಕಟ್ಟೆಗೆ, ಸಿಪ್ಪೆ ನಾರಿನ ಕಾರ್ಖಾನೆಗೆ, ಉಳಿದ ಕರಟ ಊರಾಚೆಯ ಇದ್ದಿಲು ಗುಂಡಿಗೆ. ಆ ಗುಂಡಿಯಲ್ಲಿ ನಮ್ಮಪ್ಪ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಾರೆ.

ಗುಂಡಿಯೆಂದರೆ ಗುಂಡಿಯೇ. ನೆಲದಲ್ಲಿ ಆಳವಾಗಿ ತೋಡಿ, ತಳದಲ್ಲಿ ಸ್ವಲ್ಪ ಕರಟಕ್ಕೆ ಬೆಂಕಿ ಹಚ್ಚಿ, ಅದು ಹಿಡಿದಂತೆಲ್ಲ ಮೇಲೆ ಮೇಲೆ ಕರಟ ಸುರಿಯುತ್ತ ಹೋಗುವುದು. ತುಂಬಿದ ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತುವುದು. ಗಾಳಿ ಸಿಕ್ಕಿದರೆ ಬೂದಿ, ಸಿಕ್ಕದಿದ್ದರೆ ಇದ್ದಿಲು. ಇಡೀ ವಿದ್ಯೆ ಇಷ್ಟರಲ್ಲಿದೆ. ಆದರೆ ಮುಚ್ಚುವ ತನಕ ಏಳುವ ಹೊಗೆಯಿದೆಯಲ್ಲ, ಅದು ಸೌದೆಯ ಹೊಗೆಯಂತೆ ಹಗುರವಲ್ಲ. ಹಳದಿ ಬೆರೆತ ಬಿಳಿಯ ಬಣ್ಣದ, ಕಣ್ಣಿಗೂ ಗಂಟಲಿಗೂ ಕಚ್ಚುವ, ಬಟ್ಟೆಗೆ ಹಿಡಿದರೆ ಎರಡು ಒಗೆತಕ್ಕೂ ಬಿಡದ ಹೊಗೆ. ಮೊದಲ ವರ್ಷ ನಾನು ಬಸ್ಸಿನಲ್ಲಿ ಕುಳಿತರೆ ಪಕ್ಕದ ಹುಡುಗಿ ಕಿಟಕಿ ತೆರೆಯುತ್ತಿದ್ದಳು. ಪಾಪ, ಆಕೆ ಏನೂ ಅನ್ನಲಿಲ್ಲ. ಆದರೂ ನಾನು ಆ ವರ್ಷವೆಲ್ಲ ಬೆಳಗಿನ ಚಳಿಯಲ್ಲೂ ದಿನಾ ತಲೆಗೆ ಸ್ನಾನ ಮಾಡಿ ಬರುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಊರಿನಲ್ಲಿ ಸಭೆ ಸೇರಿತು. ಹೊಗೆಯಿಂದ ಮುದುಕರಿಗೆ ಕೆಮ್ಮು ಹೆಚ್ಚಿದೆ, ತೆಂಗಿನ ಗರಿಯ ಮೇಲೆ ಮಸಿ ಕೂರುತ್ತಿದೆ, ಗುಂಡಿ ಆರಿಸಲು ಸುರಿದ ನೀರು ಇಂಗಿ ಪಕ್ಕದ ಬಾವಿಯ ನೀರಿಗೆ ವಾಸನೆ ಬಂದಿದೆ, ಗುಂಡಿ ಮುಚ್ಚಿಸಬೇಕು ಎಂದು ಅರ್ಧ ಊರು ಹೇಳಿತು. ಉಳಿದರ್ಧ ಊರಿನ ಕೂಲಿ ಅದೇ ಗುಂಡಿಯಲ್ಲಿತ್ತಾದ್ದರಿಂದ ಅವರು ಏನೂ ಹೇಳಲಿಲ್ಲ. ನಮ್ಮಪ್ಪ ಹಿಂದುಗಡೆ ಕಂಬಕ್ಕೊರಗಿ ಕುಳಿತಿದ್ದರು. ಗುಂಡಿಯ ಯಜಮಾನರು ಎದ್ದು ನಿಂತು, ಇದು ಸಾಮಾನ್ಯ ಇದ್ದಿಲಲ್ಲ, ಇದರಿಂದ ಪಟ್ಟಣಗಳ ಕೊಳಕು ನೀರೆಲ್ಲ ಶುದ್ಧವಾಗುತ್ತದೆ, ದೇಶಕ್ಕೆ ಬೇಕಾದ ವಸ್ತು, ಎಂದು ಹೇಳಿ ಕುಳಿತರು. ಯಾವ ತೀರ್ಮಾನವೂ ಆಗದೆ ಸಭೆ ಮುಗಿಯಿತು. ಅಂದು ರಾತ್ರಿ ಊಟ ಮಾಡುತ್ತ ಅಪ್ಪ ಕೇಳಿದರು: “ಅದೇನವ್ವ, ನಮ್ಮ ಇದ್ಲು ನೀರು ತಿಳಿ ಮಾಡ್ತದಂತೆ, ದಿಟವಾ? ಓದ್ದೋಳು ನೀನು, ಹೇಳು.”

ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕೆಂದು ಹೊರಟದ್ದು ಅಂದಿನಿಂದ. ನಮ್ಮ ಕಾಲೇಜಿನಲ್ಲಿ ಪ್ರಯೋಗಶಾಲೆಯಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ನನಗೆ ಪರಿಚಯವಿದ್ದ ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರು ಪುಸ್ತಕಗಳನ್ನು ಕೊಟ್ಟು, ಓದಿ ತಿಳಿಯದ ಕಡೆ ಕೂರಿಸಿಕೊಂಡು ವಿವರಿಸಿದರು. ಅವರೇ ಒಂದು ಸುಲಭವಾದ ಪರೀಕ್ಷೆಯನ್ನೂ ಹೇಳಿಕೊಟ್ಟರು. ಮೂರು ಗಾಜಿನ ಶೀಸೆಗಳಲ್ಲಿ ನೀರು ತುಂಬಿ ಪ್ರತಿಯೊಂದಕ್ಕೂ ನಾಲ್ಕು ತೊಟ್ಟು ನೀಲಿ ಮಸಿ ಹಾಕಿದೆ. ಒಂದನ್ನು ಹಾಗೆಯೇ ಬಿಟ್ಟೆ. ಎರಡನೆಯದಕ್ಕೆ ಅಪ್ಪನ ಗುಂಡಿಯ ಇದ್ದಿಲನ್ನು ಕುಟ್ಟಿ ತೊಳೆದು ಒಂದು ಚಮಚ ಹಾಕಿದೆ. ಮೂರನೆಯದಕ್ಕೆ, ನೀರು ಶೋಧಿಸುವ ಯಂತ್ರದಿಂದ ರಿಪೇರಿಯವರು ಬಿಚ್ಚಿ ಎಸೆಯಲಿದ್ದ ಕೊಳವೆಯೊಳಗಿನ ಕರಿಯ ಹರಳನ್ನು ಅದೇ ರೀತಿ ಕುಟ್ಟಿ ಒಂದು ಚಮಚ ಹಾಕಿದೆ. ಕುಲುಕಿ ಕುಲುಕಿ ಇಟ್ಟು, ಒಂದು ಗಂಟೆಯ ಮೇಲೆ ಶೋಧಕ ಕಾಗದದಲ್ಲಿ ಸೋಸಿ ನೋಡಿದೆವು. ಮೂರನೆಯ ಶೀಸೆಯ ನೀರು, ಅದೂ ಬಳಸಿ ಬಿಟ್ಟ ಹರಳಿನಿಂದ, ಬಾವಿಯಿಂದ ಆಗತಾನೆ ಸೇದಿದ ಹಾಗಿತ್ತು. ಎರಡನೆಯದು ಮೊದಲನೆಯದಕ್ಕಿಂತ ಒಂದು ಕೂದಲೆಳೆಯಷ್ಟು ತೆಳುವಾಗಿತ್ತೋ ಇಲ್ಲವೋ ಎಂದು ನಾವಿಬ್ಬರೂ ವಾದಿಸಬೇಕಾಯಿತು.

“ಹಂಗಾದ್ರೆ ಯಜಮಾನ್ರು ಹೇಳಿದ್ದು ಸುಳ್ಳಾ?” ಎಂದರು ಅಪ್ಪ.

“ಪೂರ್ತಿ ಸುಳ್ಳಲ್ಲಪ್ಪ, ಅರ್ಧ” ಎಂದೆ.

ಆ ಅರ್ಧ ಯಾವುದು, ಉಳಿದರ್ಧ ಎಲ್ಲಿ ನಡೆಯುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎರಡು ಶೀಸೆಗಳಲ್ಲಿದ್ದದ್ದೂ ಇಂಗಾಲವೇ; ಎರಡೂ ಹುಟ್ಟಿದ್ದು ತೆಂಗಿನ ಕರಟದಿಂದಲೇ ಇರಬಹುದು. ವ್ಯತ್ಯಾಸವಿರುವುದು ಅವುಗಳ ಮೈಯಲ್ಲಿ. ಬೆಲ್ಲದ ಒಂದು ಚೌಕ ತುಂಡನ್ನು ಊಹಿಸಿಕೊಳ್ಳಿ. ಎಲ್ಲ ಕಡೆಯೂ ಒಂದು ಸೆಂಟಿಮೀಟರು. ಅದಕ್ಕೆ ಆರು ಮುಖ, ಆರು ಚದರ ಸೆಂಟಿಮೀಟರು ಮೈ. ಅದನ್ನು ಮೂರು ದಿಕ್ಕಿನಲ್ಲೂ ನಡುವೆ ಸೀಳಿ ಎಂಟು ತುಂಡು ಮಾಡಿದರೆ ಬೆಲ್ಲ ಹೆಚ್ಚಾಗಲಿಲ್ಲ, ಮೈ ಮಾತ್ರ ಹನ್ನೆರಡು ಚದರ ಸೆಂಟಿಮೀಟರಾಯಿತು. ಹೀಗೆಯೇ ಸೀಳುತ್ತ ಹೋದಂತೆ ಮೈ ಬೆಳೆಯುತ್ತಲೇ ಹೋಗುತ್ತದೆ. ಈಗ ಹೊರಗಿನಿಂದ ಸೀಳುವ ಬದಲು ತುಂಡಿನ ಒಳಗೇ ಲೆಕ್ಕವಿಲ್ಲದಷ್ಟು ಬಿಲಗಳನ್ನು ಕೊರೆದರೆ? ಪ್ರತಿ ಬಿಲದ ಗೋಡೆಯೂ ಮೈಯೇ. ಶೋಧಕದ ಆ ಕರಿಯ ಹರಳು ಹೀಗೆ ಕೊರೆದದ್ದು. ಅದರ ಒಂದು ಗ್ರಾಮಿನ ಮೈ ಸುಮಾರು ೧೦೦೦ ಚದರ ಮೀಟರು. ಚದರ ಮೀಟರಿನ ಲೆಕ್ಕ ನಮ್ಮ ಕಡೆಯವರಿಗೆ ಹತ್ತುವುದಿಲ್ಲ. ಅಪ್ಪನಿಗೆ ನಾನು ಹೇಳಿದ್ದು ಹೀಗೆ: ಒಂದು ಗುಂಟೆಯೆಂದರೆ ನೂರೊಂದು ಚದರ ಮೀಟರು. ಎಂದ ಮೇಲೆ ಒಂದು ಗ್ರಾಂ ಹರಳಿನೊಳಗೆ ಹತ್ತು ಗುಂಟೆ ನೆಲ ಮಡಿಸಿ ಇಟ್ಟಿದೆ. ನಾಲ್ಕು ಗ್ರಾಮಿನಲ್ಲಿ ಒಂದು ಎಕರೆ. ನಮ್ಮ ಹೊಲ ಒಂದೂವರೆ ಎಕರೆ. ಅಂದರೆ ನಮ್ಮ ಪಿತ್ರಾರ್ಜಿತ ಆಸ್ತಿಯೆಲ್ಲ ಆರು ಗ್ರಾಂ. ಅಪ್ಪ ಚಮಚವನ್ನೇ ನೋಡುತ್ತ ಕುಳಿತರು.

ಇಷ್ಟು ಮೈಯನ್ನು ಯಾರು ಅಳೆದರು ಎಂಬ ಸಂದೇಹ ಬರುವುದು ಸಹಜ. ೧೯೩೮ರಲ್ಲಿ ಬ್ರೂನಾವರ್, ಎಮೆಟ್, ಟೆಲ್ಲರ್ ಎಂಬ ಮೂವರು ವಿಜ್ಞಾನಿಗಳು ಇದಕ್ಕೊಂದು ಲೆಕ್ಕವನ್ನು ಕಂಡುಹಿಡಿದರು. ನೈಟ್ರೊಜನ್ ಅನಿಲವನ್ನು ಅದು ದ್ರವವಾಗುವ ಚಳಿಯವರೆಗೆ, ಎಂದರೆ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನವರೆಗೆ ತಣಿಸಿ ಹರಳಿನ ಮೇಲೆ ಬಿಟ್ಟರೆ ಅದರ ಅಣುಗಳು ಗೋಡೆಗಳ ಮೇಲೆ ಹಾಸಿಕೊಳ್ಳುತ್ತವೆ. ಮೊದಲ ಪದರಕ್ಕೆ ಎಷ್ಟು ಅಣು ಹಿಡಿಯಿತೆಂದು ಲೆಕ್ಕ ಹಾಕಿ, ಒಂದು ಅಣು ಆಕ್ರಮಿಸುವ ಜಾಗದಿಂದ ಗುಣಿಸಿದರೆ ಮೈ ಸಿಕ್ಕಿತು. ಭೂಮಾಪನದವರು ಸರಪಳಿ ಹಿಡಿದು ಹೊಲ ಅಳೆದ ಹಾಗೆಯೇ. ಇಲ್ಲಿ ಸರಪಳಿಯ ಕೊಂಡಿ ಒಂದು ಅಣು.

ಮೈ ಹೆಚ್ಚಿದರೆ ನೀರು ಏಕೆ ತಿಳಿಯಾಗಬೇಕು? ಘನವಸ್ತುವಿನ ನಡುವೆ ಇರುವ ಪರಮಾಣುವನ್ನು ನೆರೆಹೊರೆಯವರು ಎಲ್ಲ ದಿಕ್ಕಿನಿಂದಲೂ ಹಿಡಿದಿರುತ್ತಾರೆ. ಅಂಚಿನ ಪರಮಾಣುವಿಗೆ ಒಂದು ಕಡೆ ನೆಂಟರಿಲ್ಲ. ಆ ಕಡೆಗೆ ಅದರ ಸೆಳೆತ ಬರಿದೇ ಉಳಿದು, ಹತ್ತಿರ ಸುಳಿದ ಯಾವುದಾದರೂ ಅಣುವನ್ನು ಎಳೆದು ಅಂಟಿಸಿಕೊಳ್ಳುತ್ತದೆ. ನೀರು ಬಟ್ಟೆಯೊಳಗೆ ಇಳಿಯುವಂತೆ ಇಳಿದುಹೋಗುವುದಲ್ಲ. ಗೋಡೆಗೆ ಬಣ್ಣ ಹಿಡಿದಂತೆ ಮೈಗೆ ಅಂಟುವುದು. ಮೊದಲನೆಯದಕ್ಕೆ ಹೀರಿಕೆ ಎಂದೂ ಎರಡನೆಯದಕ್ಕೆ ಅಧಿಶೋಷಣೆ ಎಂದೂ ನಮ್ಮ ಪಠ್ಯಪುಸ್ತಕಗಳು ಹೆಸರಿಟ್ಟಿವೆ. ಎರಡನ್ನೂ ಒಂದೇ ಎಂದು ನಾನು ತಿಳಿದಿದ್ದೆ. ಈ ಎರಡನೆಯದಕ್ಕೆ ಬೇರೆ ಹೆಸರೇ ಬೇಕೆಂದು ಜರ್ಮನಿಯ ಕೈಸರ್ ಎಂಬ ಭೌತವಿಜ್ಞಾನಿ ೧೮೮೧ರಲ್ಲಿ ಅದನ್ನು ಬಳಕೆಗೆ ತರುವವರೆಗೆ ವಿದ್ವಾಂಸರೂ ಹಾಗೆಯೇ ತಿಳಿದಿದ್ದರೆಂದು ಓದಿ ಸಮಾಧಾನವಾಯಿತು.

ನಮ್ಮ ನಾಡಿಗೂ ಈ ಶಾಸ್ತ್ರಕ್ಕೂ ನಂಟಿಲ್ಲದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಕಿತ್ತೂರು ಸುಬ್ಬರಾವ್ ಅವರು, ರಂಧ್ರಗಳುಳ್ಳ ವಸ್ತುಗಳು ನೀರಾವಿಯನ್ನು ಹಿಡಿಯುವ ದಾರಿ ಒಂದು, ಬಿಡುವ ದಾರಿ ಇನ್ನೊಂದು ಎಂಬ ವಿಚಿತ್ರವನ್ನು ಕುರಿತು ೧೯೪೧ರಲ್ಲಿ ಅಮೆರಿಕದ ಪ್ರಸಿದ್ಧ ಪತ್ರಿಕೆಯಲ್ಲಿ ಲೇಖನಗಳ ಸಾಲನ್ನೇ ಪ್ರಕಟಿಸಿದರು. ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಧಾನ್ಯವೂ ಇತ್ತು. ಸರ್ಕಾರಿ ಕಾಲೇಜೊಂದರ ಕೊಠಡಿಯಲ್ಲಿ ಕಾಳುಕಡ್ಡಿ ತೂಗುತ್ತ ಪ್ರಪಂಚಕ್ಕೆ ಹೊಸದನ್ನು ಹೇಳಿದರೆಂಬುದು ನನಗೇಕೋ ಬಹಳ ಹಿಡಿಸಿತು.

ಇನ್ನು ಇತಿಹಾಸ, ಇದು ನನ್ನ ವಿಷಯವಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಇದ್ದಿಲು ಅನಿಲಗಳನ್ನು ಹಿಡಿಯುವುದನ್ನು ೧೭೭೩ರಲ್ಲಿ ಷೀಲೆ ಕಂಡ. ೧೭೮೫ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಔಷಧಶಾಲೆಯಲ್ಲಿ ಲೋವಿಟ್ಸ್ ಎಂಬಾತ ಟಾರ್ಟಾರಿಕ್ ಆಮ್ಲದ ಹರಳು ತೆಗೆಯುತ್ತಿರುವಾಗ ಅದು ಪದೇ ಪದೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು; ಇದ್ದಿಲು ಸೇರಿದಾಗ ಆ ದ್ರಾವಣ ತಿಳಿಯಾದದ್ದನ್ನು ಆತ ಗಮನಿಸಿದ. ಮುಂದೆ ಸಕ್ಕರೆ ಮಾಡುವವರು ಪಾಕದ ಬಣ್ಣ ತೆಗೆಯಲು ಇದನ್ನೇ ಹಿಡಿದರು. ಆದರೆ ಇದ್ದಿಲಿಗೆ ನಿಜವಾದ ಬೇಡಿಕೆ ತಂದದ್ದು ಯುದ್ಧ. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಒದ್ದೆ ಬಟ್ಟೆಯಿಂದ ಮೂಗು ಮುಚ್ಚಿಕೊಳ್ಳುವುದಕ್ಕಿಂತ ಹೆಚ್ಚಿನ ರಕ್ಷಣೆ ಆಗ ಸೈನಿಕರಿಗಿರಲಿಲ್ಲ. ಅದೇ ವರ್ಷ ರಷ್ಯದ ಜೆಲಿನ್‌ಸ್ಕಿ ಪಟುಗೊಳಿಸಿದ ಇದ್ದಿಲು ತುಂಬಿದ ಮುಖವಾಡವನ್ನು ರಚಿಸಿದ. ಯಾವ ಇದ್ದಿಲು ಉತ್ತಮವೆಂದು ಹುಡುಕುತ್ತ ಹೋದವರಿಗೆ ತೆಂಗಿನ ಕರಟದ್ದು ಎಲ್ಲಕ್ಕಿಂತ ಮೇಲೆಂದು ತಿಳಿಯಿತು. ತೆಂಗು ಬೆಳೆಯದ ಅಮೆರಿಕದ ಊರುಗಳಲ್ಲಿ ೧೯೧೮ರಲ್ಲಿ ಮಕ್ಕಳೂ ಹೆಂಗಸರೂ ತಿಂದ ಪೀಚ್ ಹಣ್ಣಿನ ಓಟೆಗಳನ್ನು ಕೂಡಿಟ್ಟು ಸರ್ಕಾರಕ್ಕೆ ಕೊಟ್ಟರು. ತಿಪ್ಪೆಗೆ ಹೋಗುವ ಓಟೆಗೆ ಮಾನ ಬಂದದ್ದು ಹೀಗೆ.

ಈಗ ‘ಪಟುಗೊಳಿಸುವುದು’ ಎಂದರೇನು ಎಂಬ ಮುಖ್ಯ ವಿಷಯಕ್ಕೆ ಬರೋಣ. ವ್ಯಾಪಾರಿಗಳು ಇದನ್ನು ಆಕ್ಟಿವೇಟೆಡ್ ಕಾರ್ಬನ್ ಎನ್ನುತ್ತಾರೆ.

ಅಪ್ಪನ ಗುಂಡಿಯಲ್ಲಿ ಆಗುವುದು ಮೊದಲ ಹಂತ. ಗಾಳಿಯಿಲ್ಲದೆ ಕಾದಾಗ ಕರಟದೊಳಗಿನ ಮರದ ಅಂಶ ಒಡೆದು ನೀರಾವಿ, ಅಸಿಟಿಕ್ ಆಮ್ಲ, ಫೀನಾಲುಗಳು, ಡಾಂಬರಿನಂಥ ಜಿಡ್ಡು, ಉರಿಯುವ ಅನಿಲಗಳು ಹೊರಟುಹೋಗುತ್ತವೆ. ಇಂಗಾಲದ ಚೌಕಟ್ಟು ಉಳಿಯುತ್ತದೆ. ನೂರು ಕೆ.ಜಿ. ಕರಟ ಸುಟ್ಟರೆ ಸುಮಾರು ಮೂವತ್ತು ಕೆ.ಜಿ. ಇದ್ದಿಲು. ಈ ಚೌಕಟ್ಟಿನಲ್ಲಿ ಬಿಲಗಳ ಮೊಳಕೆಯೇನೋ ಇರುತ್ತದೆ. ಆದರೆ ಬಹುಪಾಲು ಬಾಯಿಗಳನ್ನು ಆ ಜಿಡ್ಡೇ ಮುಚ್ಚಿರುತ್ತದೆ. ಬಾಗಿಲು ಹಾಕಿದ ಛತ್ರದಂತೆ, ಒಳಗೆ ಕೋಣೆಗಳಿದ್ದೂ ಪ್ರಯಾಣಿಕನಿಗೆ ಪ್ರಯೋಜನವಿಲ್ಲ. ನನ್ನ ಎರಡನೆಯ ಶೀಸೆ ನೀಲಿಯಾಗಿಯೇ ಉಳಿದದ್ದು ಇದರಿಂದ.

ಎರಡನೆಯ ಹಂತದಲ್ಲಿ ಈ ಇದ್ದಿಲನ್ನು ನುರಿದು, ತಿರುಗುವ ಉದ್ದನೆಯ ಉಕ್ಕಿನ ಕುಲುಮೆಗೆ ಹಾಕಿ ೮೦೦ರಿಂದ ೧೦೦೦ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಿ, ಅದರ ಮೇಲೆ ನೀರಿನ ಹಬೆಯನ್ನು ಹಾಯಿಸುತ್ತಾರೆ. ಆ ಶಾಖದಲ್ಲಿ ನೀರಾವಿ ಇದ್ದಿಲನ್ನು ತಿನ್ನುತ್ತದೆ. ನೀರಿನಲ್ಲಿರುವ ಆಮ್ಲಜನಕ ಇಂಗಾಲದ ಒಂದೊಂದು ಪರಮಾಣುವನ್ನು ಕಿತ್ತುಕೊಂಡು ಇಂಗಾಲದ ಮಾನಾಕ್ಸೈಡ್ ಆಗಿ ಹೊರಡುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಮೊದಲು ಜಿಡ್ಡು ಹೋಗುತ್ತದೆ, ಬಾಗಿಲು ತೆರೆಯುತ್ತದೆ. ಆಮೇಲೆ ಗೋಡೆಗಳೇ ಸವೆದು ಬಿಲ ಆಳವಾಗುತ್ತ ಕವಲೊಡೆಯುತ್ತ ಹೋಗುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ಕರಟದ ಇದ್ದಿಲಿನ ಬಹುತೇಕ ಬಿಲಗಳ ಅಗಲ ಅಂಥ ಎರಡು ನ್ಯಾನೊಮೀಟರಿಗೂ ಕಡಮೆ. ಇಲ್ಲಿ ಒಂದು ನಾಜೂಕಿದೆ. ಹಬೆ ಸಾಲದೆ ಹೋದರೆ ಬಿಲ ತೆರೆಯದು. ಹೆಚ್ಚಾದರೆ ಗೋಡೆ ಗೋಡೆ ಕೂಡಿ ಬಿಲ ಬಯಲಾಗುತ್ತದೆ, ಕೊನೆಗೆ ಏನೂ ಉಳಿಯದು. ಮೂರು ಕೆ.ಜಿ. ಇದ್ದಿಲು ಒಳಗೆ ಹೋದರೆ ಒಂದು ಕೆ.ಜಿ.ಯ ಆಸುಪಾಸು ಪಟುಗೊಂಡದ್ದು ಹೊರಗೆ ಬರುತ್ತದೆ. ತನ್ನಲ್ಲಿದ್ದದ್ದನ್ನು ಇಷ್ಟೊಂದು ಕಳೆದುಕೊಂಡ ಮೇಲೆಯೇ ಅದಕ್ಕೆ ಆ ಹಸಿವು ಬರುವುದು.

ಹಬೆಗೆ ಬದಲಾಗಿ ರಾಸಾಯನಿಕಗಳಿಂದ ಪಟುಗೊಳಿಸುವ ಮಾರ್ಗವೂ ಉಂಟು. ಮರದ ಹೊಟ್ಟಿನಂಥ ಮೆದು ವಸ್ತುವನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಕಡಮೆ ಶಾಖದಲ್ಲಿ ಬೇಯಿಸಿ, ಆಮ್ಲವನ್ನು ತೊಳೆದು ತೆಗೆಯುತ್ತಾರೆ. ಇದರಲ್ಲಿ ಬಿಲಗಳು ಅಗಲವಾಗಿರುವುದರಿಂದ ಬಣ್ಣದಂಥ ದೊಡ್ಡ ಅಣುಗಳಿಗೆ ಒಳ್ಳೆಯದು. ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಹುಣಿಸೆ ಬೀಜ, ಕಾಫಿ ಸಿಪ್ಪೆ, ಕಬ್ಬಿನ ಸಿಪ್ಪೆ, ಜೋಳದ ದಂಟು, ಹೀಗೆ ಕೈಗೆ ಸಿಕ್ಕಿದ್ದೆಲ್ಲವನ್ನೂ ಸಂಶೋಧಕರು ಇದ್ದಿಲು ಮಾಡಿ ನೋಡಿದ್ದಾರೆ. ಓದಲು ಸೊಗಸಾಗಿದೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನನ್ನ ಸಂಶಯವನ್ನೂ ಹೇಳಿಬಿಡುತ್ತೇನೆ: ಹೊಟ್ಟು ಹಗುರ, ಜಾಗ ಹೆಚ್ಚು, ಹತ್ತು ಊರಿನಿಂದ ಲಾರಿಯಲ್ಲಿ ತರುವ ಬಾಡಿಗೆಯ ಮುಂದೆ ಪ್ರಯೋಗಶಾಲೆಯ ಗೆಲುವು ನಿಲ್ಲುವುದು ಕಷ್ಟ. ಮೇಲಾಗಿ ಭತ್ತದ ಹೊಟ್ಟಿನಲ್ಲಿ ಮರಳಿನ ಅಂಶ ಬಹಳ. ಸುಟ್ಟರೆ ಬೂದಿಯೇ ರಾಶಿ. ಕರಟವಾದರೋ ಒಂದೇ ಕಡೆ ರಾಶಿಯಾಗಿ ಸಿಕ್ಕುತ್ತದೆ, ಗಟ್ಟಿ, ಬೂದಿ ನೂರಕ್ಕೆ ಒಂದರಷ್ಟೂ ಇರುವುದು ಅಪರೂಪ, ನೀರಿನ ರಭಸಕ್ಕೆ ಪುಡಿಯಾಗದು. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿದ ನಮ್ಮ ಸೀಮೆಯ ಕರಟವಂತೂ ಬೆಂಕಿಗೆ ಹಾಕುವ ಮುಂಚೆಯೇ ಅರ್ಧ ತಯಾರಾಗಿರುತ್ತದೆ.

ಈ ವಸ್ತು ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ ಎಂಬುದನ್ನು ಹೇಳದಿದ್ದರೆ ನಾನೂ ಗುಂಡಿಯ ಯಜಮಾನರ ಹಾಗೆ ಅರ್ಧ ಹೇಳಿದಂತಾದೀತು. ನೀರಿನ ಕೆಟ್ಟ ವಾಸನೆ, ರುಚಿ, ಬಣ್ಣ, ಹಲವು ಬಗೆಯ ಕೀಟನಾಶಕಗಳು, ಫೀನಾಲು, ಬೆಂಜೀನಿನಂಥ ದ್ರವಗಳು ಇದಕ್ಕೆ ಸುಲಭವಾಗಿ ಸಿಕ್ಕುತ್ತವೆ. ಕ್ಲೋರಿನ್ ಕೂಡ ಹೋಗುತ್ತದೆ. ಆದರೆ ಅದು ಬರಿದೇ ಅಂಟುವುದಲ್ಲ, ಇಂಗಾಲದೊಡನೆ ವರ್ತಿಸಿ ಕ್ಲೋರೈಡ್ ಆಗುತ್ತದೆ. ವಿಷ ಕುಡಿದು ಬಂದವರಿಗೆ ಆಸ್ಪತ್ರೆಯಲ್ಲಿ ಇದೇ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸುವುದುಂಟು. ಗಣಿಗಳಲ್ಲಿ ಅದಿರಿನ ದ್ರಾವಣದಿಂದ ಚಿನ್ನವನ್ನು ಹಿಡಿಯಲು ತೆಂಗಿನ ಕರಟದ ಗಟ್ಟಿ ಹರಳೇ ಬೇಕು. ಆದರೆ ನೀರಿನಲ್ಲಿ ಕರಗಿದ ಉಪ್ಪು, ಗಡಸುತನ, ನೈಟ್ರೇಟ್, ಇವು ಇದರ ಕೈಗೆ ಸಿಕ್ಕುವವಲ್ಲ. ಫ್ಲೋರೈಡ್ ಸಹ ಅಷ್ಟೇ. ನಮ್ಮ ಜಿಲ್ಲೆಯ ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳ ನೀರಿನ ದೊಡ್ಡ ಶತ್ರು ಫ್ಲೋರೈಡ್ ಆಗಿರುವಾಗ ಇದನ್ನು ಒತ್ತಿ ಹೇಳಬೇಕು. ಮೂಳೆಯ ಇದ್ದಿಲು ಫ್ಲೋರೈಡನ್ನು ಹಿಡಿಯುತ್ತದೆ, ನಿಜ. ಅದು ಅದರಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟಿನ ಕೆಲಸವೇ ಹೊರತು ಇಂಗಾಲದ್ದಲ್ಲ. ರೋಗಾಣುಗಳನ್ನೂ ಇದು ಕೊಲ್ಲುವುದಿಲ್ಲ. ಅಷ್ಟೇ ಏಕೆ, ತುಂಬಿಹೋದ ಹಳೆಯ ಹರಳಿನ ಬಿಲಗಳಲ್ಲಿ ಅವು ಸುಖವಾಗಿ ಸಂಸಾರ ಹೂಡುತ್ತವೆ. ಬಿಲಗಳು ತುಂಬಿದ ಮೇಲೆ ಎಷ್ಟು ನೀರು ಹಾಯಿಸಿದರೂ ಹಾಗೆ ಬಂದದ್ದು ಹಾಗೆಯೇ ಹೋಗುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ಮತ್ತೆ ಕಾಯಿಸಿ ಹಿಡಿದದ್ದನ್ನು ಸುಟ್ಟು ತೆಗೆದು ಮರಳಿ ಬಳಸುತ್ತಾರೆ. ಮನೆಯ ಶೋಧಕದ ಕೊಳವೆಯನ್ನು ಕಾಲಕಾಲಕ್ಕೆ ಬದಲಾಯಿಸುವುದೊಂದೇ ದಾರಿ. ವಿದ್ಯಾರ್ಥಿನಿಲಯದ ವ್ಯವಸ್ಥಾಪಕರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.

ನಮ್ಮ ಊರಿನಲ್ಲೂ ಶುದ್ಧ ನೀರಿನ ಘಟಕವೊಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಗಾಜಿನ ಕಿಟಕಿಯಿಂದ ಇಣುಕಿದರೆ ಒಳಗೆ ಎರಡು ಎತ್ತರದ ಉರುಳೆಗಳು ಕಾಣುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಈ ಕರಿಯ ಹರಳು. ಅವೆರಡನ್ನೂ ದಾಟಿದ ಮೇಲೆ ನೀರು ಪೊರೆಗೆ ಹೋಗುತ್ತದೆ, ಫ್ಲೋರೈಡು ಉಪ್ಪು ಹೋಗುವುದು ಅಲ್ಲಿ. ಮೂರು ವರ್ಷ ಅದರ ಮುಂದೆ ಕ್ಯಾನು ಹಿಡಿದು ನಿಂತಿದ್ದರೂ ಆ ಎರಡನೆಯ ಉರುಳೆಯಲ್ಲಿರುವುದು ಕರಟವೆಂದು ನನಗೆ ತೋಚಿರಲಿಲ್ಲ. ಅಪ್ಪನನ್ನು ಕರೆದೊಯ್ದು ತೋರಿಸಿದೆ. ಗುಂಡಿಯ ಚೀಲಗಳು ತಮಿಳುನಾಡಿನ ಕಾಂಗೇಯಂ ಕಡೆಗೆ ಹೋಗುತ್ತವೆಂದು ಲಾರಿಯವರು ಹೇಳುವುದನ್ನು ಅವರು ಕೇಳಿದ್ದರು. “ಅಷ್ಟು ದೂರ ಹೋಗಿ ಇಲ್ಲಿಗೇ ಬಂದವೆ” ಎಂದರು. ಅದೇ ಚೀಲವೋ ಬೇರೆಯೋ, ಹೇಳಬಲ್ಲವರಾರು! ಆದರೂ ನಾನು ತಿದ್ದಲಿಲ್ಲ.

ಇಷ್ಟಾದ ಮೇಲೆ ಸಭೆಯ ಪ್ರಶ್ನೆ ಹಾಗೆಯೇ ಉಳಿಯಿತು: ಯಾರದೋ ನೀರು ತಿಳಿಯಾಗಲೆಂದು ನಮ್ಮ ಗಾಳಿ ಕೆಡಲೇಬೇಕೆ? ನಾನು ಓದಿದಷ್ಟರಿಂದ ಹೇಳುವುದಾದರೆ, ಬೇಕಾಗಿಲ್ಲ. ನೂರು ಕೆ.ಜಿ. ಕರಟದಲ್ಲಿ ಮೂವತ್ತು ಉಳಿದರೆ ಎಪ್ಪತ್ತು ಮೇಲಕ್ಕೆ ಹೋಯಿತು. ಆ ಎಪ್ಪತ್ತರಲ್ಲಿ ಬಹುಭಾಗ ಉರಿಯತಕ್ಕ ವಸ್ತು. ಹೊಗೆಯ ಕಾಟ ಬರುವುದು ಅದು ಉರಿಯದೆ ಹೋಗುವುದರಿಂದ. ಮುಚ್ಚಿದ ಒಲೆಯಲ್ಲಿ ಕರಟವಿಟ್ಟು, ಹೊರಡುವ ಅನಿಲವನ್ನು ಕೊಳವೆಯ ಮೂಲಕ ಅದೇ ಒಲೆಯ ಬೆಂಕಿಗೆ ತಿರುಗಿಸಿದರೆ ಹೊಗೆಯೇ ಸೌದೆಯಾಗುತ್ತದೆ. ಹೀಗೆ ಮಾಡುವ ಕಾರ್ಖಾನೆಗಳಿವೆ. ಎರಡನೆಯ ಹಂತಕ್ಕೆ ಬೇಕಾದ ಹಬೆಯನ್ನೂ ಅದೇ ಶಾಖದಿಂದ ಎಬ್ಬಿಸಬಹುದು. ನೀರು ಸುರಿದು ಆರಿಸದೆ ಗಾಳಿಬಂದ್ ಮಾಡಿ ತಣಿಯಲು ಬಿಟ್ಟರೆ ಬಾವಿಗೂ ಕೇಡಿಲ್ಲ. ಕೊಳ್ಳುವವರು ತೇವವನ್ನೂ ಮಣ್ಣನ್ನೂ ತೂಕದಲ್ಲಿ ಕಳೆಯುತ್ತಾರಾದ್ದರಿಂದ ಒಣ ಇದ್ದಿಲಿಗೆ ಬೆಲೆಯೂ ಹೆಚ್ಚು. ಪಟುಗೊಳಿಸಿದ್ದರ ಬೆಲೆ ಇದ್ದಿಲಿನ ಹಲವು ಪಟ್ಟು ಎಂದು ಕೇಳಿ ನಮ್ಮ ಊರಿನ ಹುಡುಗರು ಅದನ್ನೇ ಇಲ್ಲಿ ಮಾಡೋಣವೆಂದರು. ಮೂರು ಕೆ.ಜಿ. ಹೋಗಿ ಒಂದಾಗುವುದರಿಂದ ಮೂರು ಪಟ್ಟು ಬೆಲೆ ಬಂದರೂ ಅಸಲಷ್ಟೇ. ಮೇಲೆ ಸಾವಿರ ಡಿಗ್ರಿಯ ಕುಲುಮೆ, ಹಬೆಯ ಬಾಯ್ಲರು, ಹಗಲಿರುಳು ವಿದ್ಯುತ್ತು, ಪರೀಕ್ಷೆಯ ಕೋಣೆ. ಒಬ್ಬರ ಕೈಲಾಗುವ ಮಾತಲ್ಲ, ಸಹಕಾರ ಸಂಘ ಕಟ್ಟಿದರೆ ಆದೀತು ಎಂದೆ. ಹುಡುಗರು ಕ್ರಿಕೆಟ್ ಆಡಲು ಹೋದರು.

ಒಲೆ ಕಟ್ಟಿಸಲು ಯಜಮಾನರು ಒಪ್ಪಲಿಲ್ಲ. ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಅಪ್ಪನೂ ನಾನೂ ಇನ್ನೂರು ಲೀಟರಿನ ಹಳೆಯ ಎಣ್ಣೆ ಪೀಪಾಯಿಯೊಂದನ್ನು ತಂದು ತೊಳೆದು, ಕೆಳಗಿನಿಂದ ಮೇಲಕ್ಕೆ ಮೂರು ಸಾಲು ತೂತು ಕೊರೆಸಿ, ಮುಚ್ಚಳಕ್ಕೆ ಒಂದು ಹೊಗೆಕೊಳವೆ ಹಾಕಿಸಿದೆವು. ಕೆಳಗಿನ ಸಾಲಿನಲ್ಲಿ ಕೆಂಪು ಕಂಡೊಡನೆ ಅದನ್ನು ಮಣ್ಣಿನಿಂದ ಮುಚ್ಚಬೇಕು. ಆಮೇಲೆ ನಡುವಿನದು, ಆಮೇಲೆ ಮೇಲಿನದು. ಇದು ಪುಸ್ತಕದಲ್ಲಿದ್ದ ಮಾತು. ಮೊದಲ ಸಲ ನಾನು ಪುಸ್ತಕ ನೋಡುತ್ತ ನಿಂತು ಮುಚ್ಚುವುದು ತಡವಾಯಿತು. ಬೆಳಿಗ್ಗೆ ತೆರೆದರೆ ಅರ್ಧಕ್ಕರ್ಧ ಬೂದಿ. ಎರಡನೆಯ ಸಲ ಅಪ್ಪ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಜಗಲಿಯ ಮೇಲಿಟ್ಟು, ಹೊಗೆಯ ಬಣ್ಣ ನೋಡಿಯೇ ಹೊತ್ತು ಹೇಳಿದರು. ಬಿಳಿಯ ಹೊಗೆ ತೆಳುವಾಗಿ ನೀಲಿಗೆ ತಿರುಗುವ ಮುಂಚೆ ಕೊಳವೆಯ ಬಾಯಿಗೆ ಉರಿವ ಕಡ್ಡಿ ಹಿಡಿದೆವು. ಭುಗ್ಗೆಂದು ಹತ್ತಿಕೊಂಡು ಮೊಳದುದ್ದದ ಜ್ವಾಲೆ ನಿಂತಿತು. ಅದು ಉರಿಯುತ್ತಿದ್ದಷ್ಟು ಹೊತ್ತೂ ಹೊಗೆ ಕಾಣಿಸಲಿಲ್ಲವೆಂದೇ ಹೇಳಬೇಕು. ನಡುನಡುವೆ ಆರುತ್ತಿತ್ತು; ಮತ್ತೆ ಹಚ್ಚುತ್ತಿದ್ದೆವು.

ಮಾರನೆಯ ದಿನ ಇಪ್ಪತ್ತೈದು ಕೆ.ಜಿ.ಯಷ್ಟು ಇದ್ದಿಲು ಸಿಕ್ಕಿತು. ಒಣಗಿದ್ದು, ಮಣ್ಣಿಲ್ಲದ್ದು, ಒಂದಕ್ಕೊಂದು ತಾಕಿಸಿದರೆ ಕಂಚಿನಂತೆ ಸದ್ದು ಮಾಡುವಂಥದ್ದು. ಗುಂಡಿಯಲ್ಲಿ ಒಂದು ಸುಡುವಿಗೆ ಸಿಕ್ಕುವ ರಾಶಿಯ ಮುಂದೆ ಇದು ಮುಷ್ಟಿಯಷ್ಟು. ಗುಂಡಿಗೆ ಬದಲು ಪೀಪಾಯಿ ಎಂದರೆ ಸಾಲು ಸಾಲಾಗಿ ಹಲವು ಬೇಕು, ಅವು ತುಕ್ಕು ಹಿಡಿದು ತೂತಾಗುತ್ತವೆ, ಪ್ರತಿಯೊಂದಕ್ಕೂ ಒಬ್ಬರು ಕಾಯಬೇಕು. ಇವನ್ನೆಲ್ಲ ಅಪ್ಪ ಬೆರಳು ಮಡಿಸಿ ಎಣಿಸಿ, “ಆರು ಇದ್ರೆ ನಾನೂ ನಿಮ್ಮವ್ವನೂ ನೋಡ್ಕೋಬೋದು” ಎಂದರು. ಈಗ ನಮ್ಮ ಹಿತ್ತಿಲಲ್ಲಿ ಎರಡು ಪೀಪಾಯಿಗಳಿವೆ. ಊರಿನ ಮುಂದಿನ ಸಭೆ ಯುಗಾದಿ ಕಳೆದ ಮೇಲೆ ಎಂದು ಗೊತ್ತಾಗಿದೆ. ಅಂದು ಅಲ್ಲಿಗೆ ಒಂದನ್ನು ಹೊತ್ತುಕೊಂಡು ಹೋಗಿ ಎಲ್ಲರ ಎದುರಿಗೆ ಹಚ್ಚಿ ತೋರಿಸಬೇಕೆಂದು ಅಪ್ಪನ ಮನಸ್ಸು. ನನಗಿರುವ ಚಿಂತೆಯೊಂದೇ, ಅಂದು ಜ್ವಾಲೆ ಆರದಿರಬೇಕು.